ಹಳೆಯ ಮೋಟಾರಿನ ರೋಗನಿದಾನ

ನಾನು ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯವನ್ನು ಬೋಧಿಸುವವನು. ಅಂಥವನು ಮೋಟಾರು ಗಾಡಿಯ ರಿಪೇರಿಯನ್ನು ಕುರಿತು ಮಾತನಾಡಲು ಹೊರಟರೆ ಕೇಳುವವರಿಗೆ ನಗು ಬರುವುದು ಸಹಜ. ಈ ಭಾಷಣದ ವಿಷಯವನ್ನು ತಿಳಿದೊಡನೆಯೇ ನನ್ನ ಸಹೋದ್ಯೋಗಿಯೊಬ್ಬರು, "ಹ್ಯಾಮ್ಲೆಟನನ್ನು ಬಿಟ್ಟು ಕಾರ್ಬುರೇಟರನ್ನು ಹಿಡಿದಿರೋ?" ಎಂದು ಹಾಸ್ಯ ಮಾಡಿದರು. ಎರಡಕ್ಕೂ ಸಂಬಂಧವಿಲ್ಲದೆ ಇಲ್ಲ. ವಿಚಾರ ಹೆಚ್ಚಾಗಿ ಕಾರ್ಯ ಕಡಮೆಯಾದದ್ದು ಹ್ಯಾಮ್ಲೆಟನ ತಪ್ಪು. ಕಾರ್ಯ ಹೆಚ್ಚಾಗಿ ವಿಚಾರ ಕಡಮೆಯಾದದ್ದು ನನ್ನ ತಪ್ಪು. ಆ ತಪ್ಪಿನ ಫಲವನ್ನು ನಾನೊಬ್ಬನೇ ಉಂಡಿದ್ದರೆ ಇಲ್ಲಿ ಹೇಳುತ್ತಿರಲಿಲ್ಲ. ನನ್ನ ತಾಯಿಯವರು ಉಣ್ಣಬೇಕಾಗಿ ಬಂದದ್ದರಿಂದ ಹೇಳುತ್ತಿದ್ದೇನೆ.

ನಮ್ಮ ಊರು ಚನ್ನಗಿರಿ ತಾಲ್ಲೂಕಿನ ಸಂತೇಬೆನ್ನೂರು. ಕೆಂಗ ಹನುಮಪ್ಪನಾಯಕನ ಕಾಲದ ಪುಷ್ಕರಣಿಯಿಂದಾಗಿ ಆ ಊರಿನ ಹೆಸರನ್ನು ತಾವು ಕೇಳಿರಬಹುದು. ಅಲ್ಲಿನ ನಮ್ಮ ಮನೆಯ ಹಿತ್ತಲಿನಲ್ಲಿ, ಹಿಂದೆ ಎತ್ತುಗಳನ್ನು ಕಟ್ಟುತ್ತಿದ್ದ ಕೊಟ್ಟಿಗೆಯಲ್ಲಿ, ಈಗ ಒಂದು ಅಂಬಾಸಿಡರ್ ಗಾಡಿ ನಿಂತಿದೆ. 1979ನೆಯ ಇಸವಿಯದು, ನನಗೂ ಅದಕ್ಕೂ ಹೆಚ್ಚು ಕಡಮೆ ಒಂದೇ ವಯಸ್ಸು. ತಂದೆಯವರು ಅದನ್ನು ಬೇರೊಬ್ಬರಿಂದ ಕೊಂಡು, ತಾವು ಬದುಕಿರುವವರೆಗೂ ಓಡಿಸಿದರು. ಅಡಿಕೆಯ ಮೂಟೆ, ಮದುವೆಯ ದಿಬ್ಬಣ, ಹೆರಿಗೆಗೆ ಹೊರಟ ನೆರೆಹೊರೆಯ ಹೆಣ್ಣುಮಕ್ಕಳು, ಎಲ್ಲವನ್ನೂ ಎಲ್ಲರನ್ನೂ ಆ ಗಾಡಿ ಹೊತ್ತಿದೆ. ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಎಂಬ ಗಾಡಿಯ ಮಾದರಿಯಲ್ಲಿ ಬಂಗಾಳದ ಉತ್ತರಪಾರಾದ ಕಾರ್ಖಾನೆಯಿಂದ 1950ರ ದಶಕದ ಕೊನೆಯಿಂದ ಹೊರಬರತೊಡಗಿದ ಅಂಬಾಸಿಡರಿನ ತಯಾರಿಕೆ 2014ರಲ್ಲಿ ನಿಂತಿತು. ಅದೇ ವರ್ಷ ಮಾರುತಿ 800 ಸಹ ನಿಂತಿತು. ಪ್ರೀಮಿಯರ್ ಪದ್ಮಿನಿ ಅವೆರಡಕ್ಕೂ ಮುಂಚೆಯೇ ನಿಂತುಹೋಗಿತ್ತು. ಆದರೂ ಈ ಮೂರು ಜಾತಿಯ ಗಾಡಿಗಳೂ ನಮ್ಮ ಊರುಗಳ ಕೊಟ್ಟಿಗೆಗಳಲ್ಲಿಯೂ ನಗರಗಳ ಹಳೆಯ ಬಡಾವಣೆಗಳಲ್ಲಿಯೂ ಇನ್ನೂ ಉಸಿರಾಡುತ್ತಿವೆ. ಅವುಗಳ ಯಜಮಾನರನ್ನು ಉದ್ದೇಶಿಸಿಯೇ ನನ್ನ ಮಾತು.

ತಂದೆಯವರು ಕಾಲವಾದ ಬಳಿಕ ಗಾಡಿ ನನ್ನ ಪಾಲಿಗೆ ಬಂದಿತು. ನಾನು ದಾವಣಗೆರೆಯಿಂದ ವಾರಕ್ಕೊಮ್ಮೆ ಊರಿಗೆ ಹೋದಾಗ ಅದನ್ನು ಒಂದು ಸುತ್ತು ಓಡಿಸುತ್ತಿದ್ದೆ. ಒಂದು ಮಳೆಗಾಲದಲ್ಲಿ ಸ್ಟಾರ್ಟರು ಆಲಸ್ಯದಿಂದ ತಿರುಗತೊಡಗಿತು. ಪೇಟೆಯ ಒಂದು ಗ್ಯಾರೇಜಿನವರು ಬಾನೆಟ್ಟನ್ನು ಪೂರಾ ಎತ್ತುವುದಕ್ಕೂ ಮುಂಚೆಯೇ, "ಬ್ಯಾಟರಿ ಹೋಗಿದೆ" ಎಂದು ತೀರ್ಪು ಕೊಟ್ಟರು. ನಾನೂ ಒಪ್ಪಿದೆ. ಹೊಸ ಬ್ಯಾಟರಿ ಬಂದಿತು, ಸ್ಟಾರ್ಟರು ಸ್ವಲ್ಪ ಚುರುಕಾಯಿತು, ನಾನು ನಿಶ್ಚಿಂತನಾದೆ.

ಇದಾದ ಮೂರು ವಾರಕ್ಕೆ, ಒಂದು ರಾತ್ರಿ ಸುಮಾರು ಎರಡು ಗಂಟೆಗೆ ತಾಯಿಯವರಿಗೆ ಉಸಿರು ಕಟ್ಟತೊಡಗಿತು. ಹೊರಗೆ ಸುರಿಯುವ ಮಳೆ. 108ಕ್ಕೆ ಕರೆಮಾಡಬೇಕೆಂಬ ವಿವೇಕ ಆ ಗಾಬರಿಯಲ್ಲಿ ನನಗೆ ಹೊಳೆಯಲಿಲ್ಲ. ಮನೆಯಲ್ಲಿಯೇ ಗಾಡಿಯಿದೆಯೆಂಬ ಹಮ್ಮು ಅಡ್ಡಬಂದಿತು. ಅವರನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ ಬೀಗದಕೈ ತಿರುಗಿಸಿದರೆ, "ಟಕ್" ಎಂಬ ಒಂದು ಸದ್ದು, ಮತ್ತೆ ಮೌನ. ದೀಪಗಳು ಮಾತ್ರ ಪ್ರಕಾಶಮಾನವಾಗಿ ಉರಿಯುತ್ತಿದ್ದವು. ಹತ್ತಾರು ಸಲ ತಿರುಗಿಸಿದೆ. ಏನೋ ಕಮಟು ವಾಸನೆ ಬಂದಿತು. ಚೋಕನ್ನು ಎಳೆಯಲು ಅದರ ಗುಬುಟನ್ನು ಹಿಡಿದರೆ ಕೈಗೆ ಬಿಸಿ ತಾಗಿತು. ಹ್ಯಾಂಡಲ್ ಹಾಕಿ ತಿರುಗಿಸೋಣವೆಂದರೆ ಆ ಕಬ್ಬಿಣದ ಹ್ಯಾಂಡಲು ಅಡಿಕೆ ಬೇಯಿಸುವ ಒಲೆಯ ಬಳಿ ಕೆಂಡ ಕೆದಕುವ ಸಲಾಕೆಯಾಗಿ ಎಲ್ಲಿಯೋ ಸೇರಿಹೋಗಿತ್ತು. ತಳ್ಳೋಣವೆಂದರೆ ಹಿತ್ತಲೆಲ್ಲ ಕೆಸರು. ನಾನು ಮತ್ತು ನನ್ನ ಹೆಂಡತಿ ಇಬ್ಬರೇ. ಕೊನೆಗೆ ನೆರೆಯವರು ತಮ್ಮ ಸರಕಿನ ಆಟೋವನ್ನು ತಂದು, ಅದರಲ್ಲಿ ಹಾಸಿಗೆ ಹಾಸಿ, ಮೇಲೆ ತಾಡಪಾಲು ಹಿಡಿದು, ತಾಯಿಯವರನ್ನು ದಾವಣಗೆರೆಯ ಆಸ್ಪತ್ರೆಗೆ ಮುಟ್ಟಿಸಿದರು. ಅವರು ಪಾರಾದರು. ಇನ್ನು ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತೆಂದು ವೈದ್ಯರು ಹೇಳಿದ ಮಾತು ಈಗಲೂ ನನ್ನ ಕಿವಿಯಲ್ಲಿದೆ.

ಮೂರು ದಿನಗಳ ನಂತರ ನಮ್ಮ ಊರಿನ ವೃದ್ಧ ಮೇಸ್ತ್ರಿಗಳೊಬ್ಬರನ್ನು ಕರೆತಂದೆ. ತಂದೆಯವರ ಕಾಲದಿಂದ ಆ ಗಾಡಿಯನ್ನು ಬಲ್ಲವರು. ಅವರು ಸ್ಪ್ಯಾನರನ್ನು ಕೈಯಲ್ಲಿ ಹಿಡಿಯಲೇ ಇಲ್ಲ. ಕೊಟ್ಟಿಗೆಯ ಕಟ್ಟೆಯ ಮೇಲೆ ಕುಳಿತು ಪ್ರಶ್ನೆಗಳನ್ನು ಕೇಳತೊಡಗಿದರು. "ಬೀಗ ತಿರುವಿದಾಗ ದೀಪ ಮಂಕಾಯ್ತಾ ಮೇಷ್ಟ್ರೇ?" "ಇಲ್ಲ." "ವಾಸನೆ ಏನಾರ ಬಂತಾ?" "ಬಂದಿತು." "ಚೋಕ್ ಮುಟ್ಟಿದ್ರಾ?" "ಮುಟ್ಟಿದೆ, ಬಿಸಿಯಾಗಿತ್ತು." ಮುದುಕರು ನಕ್ಕರು. "ಗಾಡಿ ನಿಮಗೆ ಮೂರು ಸಲ ಹೇಳೈತೆ ಮೇಷ್ಟ್ರೇ, ನೀವು ಕೇಳಿಲ್ಲ." ಎದ್ದು ಹೋಗಿ, ಇಂಜಿನಿನಿಂದ ಗಾಡಿಯ ಒಡಲಿಗೆ ಬಿಗಿದಿರುವ ಜಡೆಯಂಥ ಅರ್ಥಿಂಗ್ ಪಟ್ಟಿಯನ್ನು ಬೆರಳಿನಿಂದ ಎಳೆದರು. ಅದು ತುಕ್ಕು ಹಿಡಿದು ಎರಡು ಮೂರು ಎಳೆಗಳ ಮೇಲೆ ನಿಂತಿತ್ತು.

ಇದರ ಮರ್ಮವನ್ನು ವಿವರಿಸುತ್ತೇನೆ, ಏಕೆಂದರೆ ಉಳಿದದ್ದೆಲ್ಲ ಇದರ ವಿಸ್ತರಣೆಯೇ. ವಿದ್ಯುತ್ತು ಬ್ಯಾಟರಿಯಿಂದ ಹೊರಟು ಕೆಲಸ ಮಾಡಿ ಮತ್ತೆ ಬ್ಯಾಟರಿಗೆ ಮರಳಬೇಕು. ಇಂಜಿನು ರಬ್ಬರಿನ ದಿಂಬುಗಳ ಮೇಲೆ ಕುಳಿತಿರುವುದರಿಂದ ಮರಳುವ ದಾರಿ ಆ ಪಟ್ಟಿಯೊಂದೇ. ದೀಪಗಳು ಒಡಲಿಗೆ ನೇರವಾಗಿ ಸೇರಿರುವುದರಿಂದ ಅವಕ್ಕೆ ಪಟ್ಟಿಯ ಹಂಗಿಲ್ಲ. ಆದಕಾರಣ ಅವು ಉರಿಯುತ್ತಿದ್ದವು. ಸ್ಟಾರ್ಟರಿಗಾದರೋ ನೂರು ಆಂಪಿಯರಿಗೂ ಮೇಲ್ಪಟ್ಟ ಪ್ರವಾಹ ಬೇಕು. ರಾಜಬೀದಿ ಮುಚ್ಚಿದ್ದರಿಂದ ಆ ಪ್ರವಾಹ ಸಂದಿಯಲ್ಲಿ ನುಗ್ಗಿತು. ಇಂಜಿನಿಗೆ ಸೇರಿದ ಚೋಕಿನ ತಂತಿಯ ಮೂಲಕ ಹರಿದು ಅದನ್ನು ಕಾಯಿಸಿತು. ಬ್ಯಾಟರಿ ಸತ್ತಿದ್ದರೆ ಸ್ಟಾರ್ಟರು ತಿರುಗುವಾಗ ದೀಪಗಳು ಮಂಕಾಗಬೇಕಾಗಿತ್ತು. ಉರಿಯುವ ದೀಪ, ಕಮಟು ವಾಸನೆ, ಬಿಸಿಯಾದ ಚೋಕು, ಈ ಮೂರು ಸಾಕ್ಷಿಗಳೂ ನನ್ನ ಮುಂದೆ ನಿಂತು ಒಂದೇ ಮಾತನ್ನು ಹೇಳುತ್ತಿದ್ದವು. ಇಷ್ಟೇ ಅಲ್ಲ, ಕಿಡಿ ಹಾರಿಸುವ ಕಾಯಿಲಿಗೆ ಬೇಕಾದದ್ದು ಕೆಲವೇ ಆಂಪಿಯರು. ನಾಲ್ಕು ಜನರನ್ನು ಕೂಗಿ ಗಾಡಿಯನ್ನು ತಳ್ಳಿಸಿದ್ದರೆ ಅದು ಬಹುಶಃ ಆ ರಾತ್ರಿಯೇ ಹೊತ್ತಿಕೊಳ್ಳುತ್ತಿತ್ತು!

ಆಯುರ್ವೇದದಲ್ಲಿ ರೋಗದ ಕಾರಣವನ್ನು ಅರಿಯುವುದಕ್ಕೆ ನಿದಾನವೆಂದು ಹೆಸರು. ತಾಳ್ಮೆಗೆ ನಾವು ನಿಧಾನವೆನ್ನುತ್ತೇವೆ. ಬರೆಯುವಾಗ ಒಂದು ಅಕ್ಷರದ ವ್ಯತ್ಯಾಸವಿದ್ದರೂ ಬಾನುಲಿಯಲ್ಲಿ ಎರಡೂ ಒಂದೇ ಎಂಬಂತೆ ಕೇಳಿಸಬಹುದು. ಕೇಳಿಸಲಿ; ನಿದಾನಕ್ಕೆ ನಿಧಾನವೇ ಮೊದಲ ಉಪಕರಣ. ಕೆಟ್ಟಿರಬಹುದಾದ ಭಾಗವನ್ನು ಬದಲಾಯಿಸಿ ನೋಡುವುದು ಚಿಕಿತ್ಸೆಯಲ್ಲ, ಜೂಜು. ಕೆಟ್ಟಿಲ್ಲದ ಭಾಗಗಳನ್ನು ಒಂದೊಂದಾಗಿ ಪರೀಕ್ಷಿಸಿ ದೂರವಿಡುತ್ತ ಹೋದರೆ ಉಳಿಯುವುದೇ ರೋಗ.

ಇನ್ನು ಮನೆಯಲ್ಲಿ ಸಾಮಾನ್ಯವಾಗಿ ಕಂಡುಬರುವ ಕಾಯಿಲೆಗಳನ್ನು ಒಂದೊಂದಾಗಿ ನೋಡೋಣ. ಗಾಡಿ ಹೊರಡುವುದೇ ಇಲ್ಲವೆಂಬ ದೂರು ಇವುಗಳಲ್ಲಿ ಮೊದಲನೆಯದು. ಇಲ್ಲಿ ಒಂದು ಪ್ರಶ್ನೆಯನ್ನು ಮೊಟ್ಟಮೊದಲು ಕೇಳಿಕೊಳ್ಳಬೇಕು: ಸ್ಟಾರ್ಟರು ತಿರುಗುತ್ತಿದೆಯೇ, ಇಲ್ಲವೇ? ತಿರುಗದಿದ್ದರೆ ದೋಷ ಬ್ಯಾಟರಿ, ತಂತಿ, ಸ್ಟಾರ್ಟರು, ಇವುಗಳಲ್ಲಿಯೇ; ಪೆಟ್ರೋಲಿನ ಗೊಡವೆ ಬೇಡ. ತಿರುಗಿಯೂ ಇಂಜಿನು ಹೊತ್ತಿಕೊಳ್ಳದಿದ್ದರೆ ಬ್ಯಾಟರಿಯನ್ನು ಬೈಯುವುದು ಬೇಡ. ದೋಷ ಕಿಡಿಯಲ್ಲಿದೆ ಅಥವಾ ಪೆಟ್ರೋಲಿನಲ್ಲಿದೆ. ಈ ಒಂದು ಪ್ರಶ್ನೆಯಿಂದಲೇ ಅರ್ಧ ಕೆಲಸ ಮುಗಿಯುತ್ತದೆ.

ಸ್ಟಾರ್ಟರು ತಿರುಗದಿದ್ದಾಗ ದೀಪಗಳನ್ನು ಹಾಕಿಕೊಂಡು ಬೀಗದಕೈ ತಿರುಗಿಸಿರಿ. ದೀಪ ಪೂರಾ ಮಂಕಾದರೆ ಬ್ಯಾಟರಿಯ ಶಕ್ತಿ ಕುಂದಿದೆ, ಅಥವಾ ಅದರ ತುದಿಗಳ ಹಿಡಿತ ಸಡಿಲವಾಗಿದೆ. ತುದಿಗಳ ಮೇಲೆ ಹಸುರು ಬಿಳುಪಾದ ಪುಡಿ ಕಟ್ಟಿದ್ದರೆ, ಮೊದಲು ಅರ್ಥಿಂಗ್ ಕಡೆಯ ತಂತಿಯನ್ನು, ಅನಂತರ ಇನ್ನೊಂದನ್ನು ಬಿಚ್ಚಿ, ಅಡುಗೆ ಸೋಡಾ ಬೆರೆಸಿದ ಬೆಚ್ಚನೆಯ ನೀರಿನಿಂದ ತೊಳೆದು, ಹೊಳೆಯುವವರೆಗೂ ಉಜ್ಜಿ, ಒಣಗಿಸಿ, ಬಿಗಿದು, ಮೇಲೆ ವ್ಯಾಸಲೀನು ಸವರಿರಿ. ಸೋಡಾ ನೀರು ಬ್ಯಾಟರಿಯ ಮುಚ್ಚಳಗಳ ಒಳಗೆ ಇಳಿಯಬಾರದು. ಬ್ಯಾಟರಿಯಿಂದ ಹೈಡ್ರೋಜನ್ ಅನಿಲ ಹೊರಡುವುದರಿಂದ ಹತ್ತಿರದಲ್ಲಿ ಬೀಡಿ, ಬೆಂಕಿಕಡ್ಡಿ ಕೂಡದು. ಸಣ್ಣದೊಂದು ಮಲ್ಟಿಮೀಟರನ್ನು ಕೊಂಡು ಇಟ್ಟುಕೊಳ್ಳುವುದು ಉತ್ತಮ. ರಾತ್ರಿಯೆಲ್ಲ ವಿಶ್ರಾಂತಿ ಪಡೆದ 12 ವೋಲ್ಟಿನ ಬ್ಯಾಟರಿ ತುಂಬಿದ್ದರೆ 12.6ರ ಆಸುಪಾಸು ತೋರಿಸುತ್ತದೆ. 12ಕ್ಕಿಂತ ಕೆಳಗಿದ್ದರೆ ಬರಿದಾಗಿದೆಯೆಂದೇ ಅರ್ಥ. ಇಂಜಿನು ಚುರುಕಾಗಿ ಓಡುವಾಗ 14ರ ಆಸುಪಾಸಿಗೆ ಏರಬೇಕು. ಏರದಿದ್ದರೆ ಬ್ಯಾಟರಿಗೆ ಊಟ ಹಾಕುವ ಡೈನಮೋ ಅಥವಾ ಆಲ್ಟರ್ನೇಟರು, ಅಥವಾ ಅದರ ಬೆಲ್ಟು ಕೆಟ್ಟಿದೆ. ಊಟವಿಲ್ಲದವನನ್ನು ಬದಲಾಯಿಸಿ ಇನ್ನೊಬ್ಬನನ್ನು ತಂದರೆ ಅವನೂ ಹಸಿಯುತ್ತಾನೆ.

ದೀಪಗಳು ಮಂಕಾಗದೆ "ಟಕ್" ಎಂದರೆ ಆಗ ನನ್ನ ಕಥೆಯನ್ನು ನೆನೆಯಿರಿ. ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಅರ್ಥಿಂಗ್ ತುದಿಗೂ ಇನ್ನೊಂದನ್ನು ಇಂಜಿನಿನ ಶುಭ್ರವಾದ ಲೋಹಕ್ಕೂ ಮುಟ್ಟಿಸಿ, ಒಬ್ಬರಿಂದ ಬೀಗದಕೈ ತಿರುಗಿಸಿರಿ. ಅರ್ಧ ವೋಲ್ಟಿಗಿಂತ ಹೆಚ್ಚು ಕಂಡರೆ ಮರಳುವ ದಾರಿ ಕೆಟ್ಟಿದೆ. ಏನೂ ಕಾಣದಿದ್ದರೆ ಸ್ಟಾರ್ಟರಿಗೆ ಹೋಗುವ ದಾರಿಯನ್ನೂ ಸ್ಟಾರ್ಟರನ್ನೂ ಪರೀಕ್ಷಿಸಬೇಕು. ಇಂಥ ಪರೀಕ್ಷೆಗಳಿಗೆ ಮುಂಚೆ ಗೇರು ತಟಸ್ಥವಾಗಿದೆಯೇ, ಕೈ ಬ್ರೇಕು ಬಿಗಿದಿದೆಯೇ ಎಂದು ಎರಡು ಸಲ ನೋಡತಕ್ಕದ್ದು. ನನಗೆ ಬೇಕಾಗಿದ್ದ ಹೊಸ ಪಟ್ಟಿಯ ಬೆಲೆ ನಾನು ಅನಾವಶ್ಯಕವಾಗಿ ಕೊಂಡ ಬ್ಯಾಟರಿಯ ಬೆಲೆಯಲ್ಲಿ ಒಂದು ಅಲ್ಪಾಂಶವಾಗಿತ್ತು.

ಸ್ಟಾರ್ಟರು ತಿರುಗಿಯೂ ಇಂಜಿನು ಹೊತ್ತಿಕೊಳ್ಳದ ಸಂದರ್ಭ ಎರಡನೆಯದು. ಮೊದಲು ಮೀಟರನ್ನು ನಂಬದೆ ಟ್ಯಾಂಕಿನಲ್ಲಿ ಪೆಟ್ರೋಲಿದೆಯೇ ಎಂದು ನೋಡಿರಿ. ಇದನ್ನು ಹೇಳಬೇಕೇ ಎನ್ನಬೇಡಿ; ಹಳೆಯ ಗಾಡಿಗಳ ಪೆಟ್ರೋಲು ಮುಳ್ಳು ಸುಳ್ಳು ಹೇಳುವುದರಲ್ಲಿ ನಿಸ್ಸೀಮ. ಅನಂತರ ಕಿಡಿಯ ಪರೀಕ್ಷೆ. ಪಾಯಿಂಟುಗಳಿರುವ ಹಳೆಯ ಗಾಡಿಗಳಲ್ಲಿ ಒಂದು ಪ್ಲಗ್ಗನ್ನು ಬಿಚ್ಚಿ, ಅದರ ತಂತಿಗೆ ಸಿಕ್ಕಿಸಿ, ಹಿಡಿಗೆ ರಬ್ಬರಿರುವ ಇಕ್ಕುಳದಿಂದ ಹಿಡಿದು, ಇಂಜಿನಿನ ಲೋಹಕ್ಕೆ ಒತ್ತಿ, ಸ್ಟಾರ್ಟರನ್ನು ತಿರುಗಿಸಿದರೆ ನೀಲಿಯಾದ ಗಟ್ಟಿ ಕಿಡಿ ಹಾರಬೇಕು. ಅಲ್ಲಿ ಸಾವಿರಾರು ವೋಲ್ಟಿನ ಒತ್ತಡವಿರುತ್ತದೆ. ಪೆಟ್ರೋಲಿನ ಆವಿ ಹತ್ತಿರದಲ್ಲಿರಬಾರದು. 2000ದ ಆಚೀಚೆ ಬಂದ, ಪೆಟ್ರೋಲನ್ನು ಚಿಮ್ಮಿಸುವ ಯಂತ್ರವೂ ಅದನ್ನಾಳುವ ಸಣ್ಣ ಗಣಕವೂ ಇರುವ ಗಾಡಿಗಳಲ್ಲಿ ಈ ಪರೀಕ್ಷೆ ಮಾಡಬೇಡಿ, ಗಣಕಕ್ಕೆ ಪೆಟ್ಟಾದೀತು.

ಕಿಡಿಯಿಲ್ಲದಿದ್ದರೆ ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆಯಿರಿ. ಮಳೆಗಾಲದಲ್ಲಿ ಒಳಗೆ ತೇವ ಕಟ್ಟಿರುವುದುಂಟು. ಒಣಬಟ್ಟೆಯಿಂದ ಒರಸಿದರೆ ಅಷ್ಟಕ್ಕೇ ಗುಣವಾದೀತು. ಪಾಯಿಂಟುಗಳು ಸುಟ್ಟು ಕಪ್ಪಾಗಿದ್ದರೆ ನಯವಾದ ಉಪ್ಪುಕಾಗದದಿಂದ ಉಜ್ಜಿ, ಅವು ಪೂರ್ತಿ ತೆರೆದಾಗಿನ ಎಡೆಯನ್ನು ಸರಿಪಡಿಸಬೇಕು. ನಮ್ಮ ಅಂಬಾಸಿಡರಿನ 1489 ಸಿ.ಸಿ. ಇಂಜಿನಿಗೆ ಅದು ಸುಮಾರು 0.4 ಮಿಲಿಮೀಟರು, ಪ್ಲಗ್ಗಿನ ಎಡೆ ಸುಮಾರು 0.6 ಮಿಲಿಮೀಟರು, ಬೇರೆ ಗಾಡಿಗಳಿಗೆ ಅವುಗಳ ಕೈಪಿಡಿಯೇ ಪ್ರಮಾಣ. ಪಾಯಿಂಟುಗಳು ಮತ್ತೆ ಮತ್ತೆ ಬೇಗನೆ ಸುಡುತ್ತಿದ್ದರೆ ಪಕ್ಕದ ಕಂಡೆನ್ಸರು ಅಪರಾಧಿ. ಪ್ಲಗ್ಗಿನ ಬಾಯನ್ನೂ ಓದುವುದನ್ನು ಕಲಿಯಿರಿ. ತಿಳಿಕಂದು ಬಣ್ಣ ಆರೋಗ್ಯ. ಒಣ ಮಸಿ ಹಿಡಿದಿದ್ದರೆ ಪೆಟ್ರೋಲು ಅತಿಯಾಗಿದೆ, ಅಥವಾ ಗಾಳಿಯ ಸೋಸಕದಲ್ಲಿ ನಮ್ಮ ರಸ್ತೆಗಳ ಕೆಂಪು ಧೂಳು ತುಂಬಿದೆ. ಜಿಡ್ಡಿನಿಂದ ಒದ್ದೆಯಾಗಿದ್ದರೆ ಇಂಜಿನಿನ ಎಣ್ಣೆ ಸಲ್ಲದ ಕಡೆಗೆ ಏರುತ್ತಿದೆ.

ಕಿಡಿ ಚೆನ್ನಾಗಿದ್ದರೆ ಪೆಟ್ರೋಲಿನ ದಾರಿಯನ್ನು ನೋಡಬೇಕು. ತಿಂಗಳುಗಟ್ಟಲೆ ನಿಂತ ಗಾಡಿಯಲ್ಲಿ ಪೆಟ್ರೋಲು ಅಂಟಾಗಿ ಕಾರ್ಬುರೇಟರಿನ ಸೂಕ್ಷ್ಮ ರಂಧ್ರಗಳನ್ನು ಮುಚ್ಚುತ್ತದೆ. ಇದರ ಜೊತೆಗೆ ಈಗ ಇನ್ನೊಂದು ವಿಚಾರ ಸೇರಿದೆ. 2025ರ ಹೊತ್ತಿಗೆ ನಮ್ಮ ಬಂಕುಗಳ ಪೆಟ್ರೋಲಿನಲ್ಲಿ ನೂರಕ್ಕೆ 20 ಪಾಲು ಎಥನಾಲ್ ಬೆರೆಸುವುದು ರೂಢಿಗೆ ಬಂದಿತು. ಎಥನಾಲು ಗಾಳಿಯ ತೇವವನ್ನು ಹೀರುವ ಗುಣವುಳ್ಳದ್ದು. ಹಳೆಯ ಕಾಲದ ರಬ್ಬರನ್ನು ಉಬ್ಬಿಸಿ ಬಿರುಕು ಬಿಡಿಸಬಲ್ಲದು. ಆದಕಾರಣ ಹಳೆಯ ಗಾಡಿಯ ಪೆಟ್ರೋಲು ಕೊಳವೆಗಳನ್ನೂ ಪಂಪಿನ ಪೊರೆಯನ್ನೂ ಎಥನಾಲನ್ನು ತಾಳುವಂಥವುಗಳಿಂದ ಬದಲಾಯಿಸಿಕೊಳ್ಳುವುದು ಕ್ಷೇಮ. ಕೊಳವೆಯನ್ನು ಬಗ್ಗಿಸಿ ನೋಡಿರಿ; ಬಿರುಕು ಕಂಡರೆ ನಾಳೆಗೆ ಮುಂದೂಡಬೇಡಿ, ಏಕೆಂದರೆ ಅದರ ಕೆಳಗೆಯೇ ಕಾದ ಕಬ್ಬಿಣವಿದೆ. ಊರುಗಳಲ್ಲಿ ಇನ್ನೊಬ್ಬ ಶತ್ರುವೂ ಇದ್ದಾನೆ, ಇಲಿ. ಅಡಿಕೆ, ಮೆಕ್ಕೆಜೋಳಗಳನ್ನು ಕೂಡಿಡುವ ಮನೆಗಳಲ್ಲಿ ಅದು ಬಾನೆಟ್ಟಿನೊಳಗೆ ಸಂಸಾರ ಹೂಡಿ ತಂತಿಗಳನ್ನು ಕಡಿಯುತ್ತದೆ. ವಾರಕ್ಕೊಮ್ಮೆ ಬಾನೆಟ್ಟು ಎತ್ತಿ ನೋಡುವುದೇ ಇದಕ್ಕೆ ಮದ್ದು.

ಮೂರನೆಯದು, ಚೆನ್ನಾಗಿ ಓಡುತ್ತಿದ್ದ ಗಾಡಿ ಬಿಸಿಲಿನಲ್ಲಿ ನಡುದಾರಿಯಲ್ಲಿ ನಿಂತು, ಅರ್ಧ ಗಂಟೆಯ ಬಳಿಕ ಏನೂ ಆಗದವರಂತೆ ಹೊರಡುವುದು. ಅಂಬಾಸಿಡರಿನ ಚಾಲಕರು ಪೆಟ್ರೋಲು ಪಂಪಿನ ಮೇಲೆ ಒದ್ದೆಬಟ್ಟೆ ಸುತ್ತುತ್ತಿದ್ದುದನ್ನು ತಾವು ಕಂಡಿರಬಹುದು. ಕಾವಿಗೆ ಪೆಟ್ರೋಲು ಕೊಳವೆಯಲ್ಲಿಯೇ ಆವಿಯಾಗಿ ಪಂಪಿಗೆ ಸಿಗದಂತಾದಾಗ ಆ ಉಪಾಯ ಸರಿಯಾದದ್ದೇ. ಆದರೆ ಬಿಸಿಯಾದಾಗ ಕೈಕೊಡುವ ಕಾಯಿಲು, ಕಂಡೆನ್ಸರುಗಳದ್ದೂ ಇದೇ ಲಕ್ಷಣ. ಅವಕ್ಕೆ ಪಂಪಿನ ಒದ್ದೆಬಟ್ಟೆ ಏನೂ ಮಾಡದು. ಇವೆರಡನ್ನು ಬೇರ್ಪಡಿಸುವ ಬಗೆ ಸುಲಭ. ಗಾಡಿ ನಿಂತ ಆ ಕ್ಷಣದಲ್ಲಿಯೇ ಕಿಡಿಯ ಪರೀಕ್ಷೆ ಮಾಡಿರಿ. ಕಿಡಿಯಿದ್ದರೆ ದೋಷ ಪೆಟ್ರೋಲಿನದು, ಇಲ್ಲದಿದ್ದರೆ ವಿದ್ಯುತ್ತಿನದು. ತಣ್ಣಗಾದ ಮೇಲೆ ಪರೀಕ್ಷಿಸಿದರೆ ಕಳ್ಳ ಹೋದ ಮೇಲೆ ಬಾಗಿಲು ಹಾಕಿದಂತೆ.

ನಾಲ್ಕನೆಯದು ಇಂಜಿನು ಅತಿಯಾಗಿ ಕಾಯುವುದು. ನಮ್ಮ ಕಡೆ ಇದರ ಮೂಲ ಬಹುಮಟ್ಟಿಗೆ ನೀರಿನಲ್ಲಿದೆ. ಕೊಳವೆಬಾವಿಯ ಗಡಸುನೀರನ್ನು ವರ್ಷಗಟ್ಟಲೆ ರೇಡಿಯೇಟರಿಗೆ ತುಂಬಿದರೆ, ಸ್ನಾನದ ಹಂಡೆಯ ಒಳಗೆ ಬಿಳಿಯ ಪೊರೆ ಕಟ್ಟುವಂತೆಯೇ ಅದರ ಸಣ್ಣ ಕೊಳವೆಗಳಲ್ಲಿಯೂ ಕಟ್ಟುತ್ತದೆ. ಭಟ್ಟಿಯಿಳಿಸಿದ ನೀರನ್ನೂ ಕೂಲೆಂಟನ್ನೂ ಸಮಭಾಗ ಬೆರೆಸಿ ಹಾಕುವುದು ಮೇಲು. ಇಂಜಿನು ಕಾದಾಗ ಮೊದಲು ಗಾಡಿಯನ್ನು ನಿಲ್ಲಿಸಿರಿ. ರೇಡಿಯೇಟರಿನ ಮುಚ್ಚಳವನ್ನು ಮಾತ್ರ ಬಿಸಿಯಿರುವಾಗ ಎಂದೆಂದಿಗೂ ತೆರೆಯಬೇಡಿ. ಒತ್ತಡದಲ್ಲಿರುವ ನೀರು 100 ಡಿಗ್ರಿಗೂ ಮೀರಿ ಕಾದಿರುತ್ತದೆ. ಮುಚ್ಚಳ ಸಡಿಲವಾದೊಡನೆ ಕುದಿದು ಮುಖಕ್ಕೆ ಎರಚುತ್ತದೆ. ತಣ್ಣಗಾದ ಮೇಲೆ ನೀರಿನ ಮಟ್ಟ, ಫ್ಯಾನಿನ ಬೆಲ್ಟು, ಸೋರುವ ಕೊಳವೆ, ಇವುಗಳನ್ನು ಕ್ರಮವಾಗಿ ನೋಡಿರಿ. ಇಂಜಿನು ಕಾದಿದ್ದರೂ ರೇಡಿಯೇಟರು ತಣ್ಣಗಿದ್ದರೆ ಥರ್ಮೋಸ್ಟಾಟು ಮುಚ್ಚಿಕೊಂಡಿರಬಹುದು. ಎಣ್ಣೆಯ ಕಡ್ಡಿಯನ್ನು ಎಳೆದಾಗ ಎಣ್ಣೆ ಮಜ್ಜಿಗೆಯಂತೆ ಬೆಳ್ಳಗೆ ಕಂಡರೆ, ಅಥವಾ ತಣ್ಣಗಿರುವಾಗ ಮುಚ್ಚಳ ತೆಗೆದು ಚಾಲೂ ಮಾಡಿದರೆ ರೇಡಿಯೇಟರಿನಲ್ಲಿ ಎಡೆಬಿಡದೆ ಗುಳ್ಳೆ ಎದ್ದರೆ, ಇಂಜಿನಿನ ತಲೆಯ ಗ್ಯಾಸ್ಕೆಟ್ಟು ಹೋಗಿರುವ ಸಂಭವವೇ ಹೆಚ್ಚು. ಅಲ್ಲಿಗೆ ಮನೆಯ ವೈದ್ಯ ಮುಗಿಯಿತು. ಓಡಿಸದೆ ಎಳೆಸಿಕೊಂಡು ಗ್ಯಾರೇಜಿಗೆ ಹೋಗತಕ್ಕದ್ದು.

ಹೊಗೆಯ ವಿಚಾರವನ್ನು ಎರಡೇ ಮಾತಿನಲ್ಲಿ ಹೇಳಬಹುದು. ನೀಲಿ ಹೊಗೆ ಎಣ್ಣೆ ಸುಡುವುದರ ಗುರುತು, ಕಪ್ಪು ಹೊಗೆ ಪೆಟ್ರೋಲು ಅತಿಯಾದುದರ ಗುರುತು. ಬಿಳಿಯ ಹೊಗೆ ಚಳಿಯ ಬೆಳಗಿನಲ್ಲಿ ಕೆಲವು ನಿಮಿಷ ಕಂಡರೆ ಬರಿಯ ಆವಿ. ಬಿಸಿಯಾದ ಮೇಲೂ ಬಿಡದಿದ್ದರೆ ಇಂಜಿನಿನೊಳಗೆ ನೀರು ಸೇರುತ್ತಿದೆ.

ಈಗ ಎಲ್ಲಕ್ಕಿಂತ ಗಂಭೀರವಾದ ವಿಷಯಕ್ಕೆ ಬರುತ್ತೇನೆ. ಗಾಡಿ ಹೊರಡದಿದ್ದರೆ ಮನೆಯಲ್ಲಿಯೇ ಉಳಿದೇವು. ನಿಲ್ಲದಿದ್ದರೆ ಎಲ್ಲಿ ಉಳಿದೇವು? ಅರ್ಥಿಂಗ್ ಪಟ್ಟಿಯ ಪ್ರಸಂಗದ ಬಳಿಕ ನಾನು ಒಂದಷ್ಟು ಕಲಿತೆ; ಕಲಿತದ್ದಕ್ಕಿಂತ ಹೆಚ್ಚಾಗಿ ಗರ್ವಪಟ್ಟೆ. ಒಮ್ಮೆ ಬ್ರೇಕು ಎಣ್ಣೆಯ ಡಬ್ಬಿಯಲ್ಲಿ ಮಟ್ಟ ಇಳಿದಿತ್ತು, ತುಂಬಿದೆ. ಹದಿನೈದು ದಿನಕ್ಕೆ ಮತ್ತೆ ಇಳಿಯಿತು; ಮತ್ತೆ ತುಂಬಿದೆ. ಮಕ್ಕಳನ್ನು ಕೂಡಿಸಿಕೊಂಡು ಸೂಳೆಕೆರೆಗೆ ಹೊರಡುವ ಹಿಂದಿನ ದಿನ ಮೇಸ್ತ್ರಿಗಳಿಗೆ ಇದನ್ನು ಹೆಮ್ಮೆಯಿಂದಲೇ ಹೇಳಿದೆ. ಅವರ ಮುಖ ಬದಲಾಯಿತು. "ತುಂಬಿದ್ದು ಎಲ್ಲಿಗೆ ಹೋಯ್ತು ಅಂತ ಕೇಳ್ಕಂಡ್ರಾ ಮೇಷ್ಟ್ರೇ?" ಎಂದರು. ಹಿಂದಿನ ಚಕ್ರದ ಡ್ರಮ್ಮನ್ನು ಬಿಚ್ಚಿದಾಗ ಒಳಗೆಲ್ಲ ಒದ್ದೆ. ಸಿಲಿಂಡರಿನ ರಬ್ಬರು ಹರಿದು ಸೋರುತ್ತಿತ್ತು. ನಮ್ಮ ಗಾಡಿಯಂಥ ಹಳೆಯವುಗಳಲ್ಲಿ ನಾಲ್ಕು ಚಕ್ರಗಳಿಗೂ ಎಣ್ಣೆಯ ದಾರಿ ಒಂದೇ. ಒಂದೆಡೆ ಒಡೆದರೆ ಕಾಲ ಬ್ರೇಕು ನಾಲ್ಕಕ್ಕೂ ಇಲ್ಲವಾಗುತ್ತದೆ. ಉಳಿಯುವುದು ಕೈ ಬ್ರೇಕು ಮಾತ್ರ. ರೋಗದ ಲಕ್ಷಣವನ್ನು ನಾನು ಎರಡು ಸಲ ಮುಚ್ಚಿದ್ದೆನೇ ಹೊರತು ರೋಗವನ್ನು ಹುಡುಕಿರಲಿಲ್ಲ. ಮೊದಲನೆಯ ತಪ್ಪನ್ನೇ ಬೇರೊಂದು ವೇಷದಲ್ಲಿ ಮತ್ತೆ ಮಾಡಿದ್ದೆ.

ಆದಕಾರಣ ಬ್ರೇಕು ಮತ್ತು ಸ್ಟಿಯರಿಂಗುಗಳ ವಿಷಯದಲ್ಲಿ ಮನೆಯಲ್ಲಿ ಮಾಡತಕ್ಕದ್ದು ಪರೀಕ್ಷೆ ಮಾತ್ರ, ಚಿಕಿತ್ಸೆ ಬಲ್ಲವರದು. ಪೆಡಲನ್ನು ಒತ್ತಿ ಹಿಡಿದಾಗ ಅದು ಮೆಲ್ಲಗೆ ಕೆಳಗಿಳಿದರೆ, ಒತ್ತಿದಾಗ ಹತ್ತಿಯಂತೆ ಮೆತ್ತಗಿದ್ದರೆ, ಗಾಡಿ ಒಂದು ಪಕ್ಕಕ್ಕೆ ಎಳೆದರೆ, ಚಕ್ರದ ಒಳಬದಿ ಒದ್ದೆಯಾಗಿದ್ದರೆ, ಅಂದೇ ಗಾಡಿಯನ್ನು ನಿಲ್ಲಿಸಿರಿ. ಆ ಡಬ್ಬಿಗೆ ಇಂಜಿನಿನ ಎಣ್ಣೆಯನ್ನು ಸುರಿಯುವುದು ಮಹಾಪರಾಧ. ರಬ್ಬರುಗಳೆಲ್ಲ ಉಬ್ಬಿ ಕೆಡುತ್ತವೆ. ಹಳೆಯ ಬ್ರೇಕು ಪಟ್ಟಿಗಳಲ್ಲಿ ಶ್ವಾಸಕೋಶಕ್ಕೆ ವಿಷವಾದ ಆಸ್ಬೆಸ್ಟಾಸ್ ಇರಬಹುದಾದ್ದರಿಂದ ಡ್ರಮ್ಮಿನ ಧೂಳನ್ನು ಊದಿ ತೆಗೆಯಕೂಡದು. ಇದೇ ಸಾಲಿಗೆ ಸೇರಿದ ಎರಡು ಎಚ್ಚರಿಕೆಗಳಿವೆ. ಬರಿಯ ಜಾಕಿಯ ಮೇಲೆ ನಿಂತ ಗಾಡಿಯ ಕೆಳಗೆ ಎಂದಿಗೂ ನುಸುಳಬೇಡಿ. ಗಟ್ಟಿಯಾದ ಸ್ಟ್ಯಾಂಡುಗಳನ್ನು ಕೊಟ್ಟು, ಚಕ್ರಗಳಿಗೆ ಅಡ್ಡಗಲ್ಲು ಇಡಿ. ಮುಚ್ಚಿದ ಕೊಟ್ಟಿಗೆಯಲ್ಲಿ ಇಂಜಿನನ್ನು ಓಡಿಸಬೇಡಿ. ಅದರ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ಆದರೆ ಕೊಲ್ಲುವ ಶಕ್ತಿಯಿದೆ.

ಬೆಂಗಳೂರಿನಲ್ಲಿರುವ ನನ್ನ ತಮ್ಮ ಈ ಗಾಡಿಯನ್ನು ಗುಜರಿಗೆ ಹಾಕಬೇಕೆನ್ನುತ್ತಾನೆ. ಅವನ ಮಾತಿನಲ್ಲಿ ಸತ್ಯವಿಲ್ಲದೆ ಇಲ್ಲ. 15 ವರ್ಷ ತುಂಬಿದ ಖಾಸಗಿ ಗಾಡಿಯ ನೋಂದಣಿಯನ್ನು ಪರೀಕ್ಷೆಗೆ ಒಪ್ಪಿಸಿ ನವೀಕರಿಸುತ್ತಿರಬೇಕು. ಹಳೆಯ ಗಾಡಿಗಳನ್ನು ಸ್ವಇಚ್ಛೆಯಿಂದ ಗುಜರಿಗೆ ಒಪ್ಪಿಸುವುದನ್ನು ಪ್ರೋತ್ಸಾಹಿಸುವ ನೀತಿಯನ್ನು ಸರ್ಕಾರ 2021ರಲ್ಲಿ ಪ್ರಕಟಿಸಿತು. ಹೊಸ ಗಾಡಿಗಳಿಗಿರುವ ರಕ್ಷಣೆಯ ಏರ್ಪಾಡುಗಳು ಇದಕ್ಕಿಲ್ಲ, ಹೊಗೆಯೂ ಹೆಚ್ಚು. ಪ್ರೀತಿಯೊಂದೇ ಇದನ್ನು ರಸ್ತೆಗೆ ಇಳಿಸಲು ಸಾಕಾದ ಕಾರಣವಲ್ಲವೆಂದು ನಾನೂ ಒಪ್ಪುತ್ತೇನೆ. ಇಟ್ಟುಕೊಳ್ಳುವವನು ನೋಡಿಕೊಳ್ಳಬೇಕು; ನೋಡಿಕೊಳ್ಳಲಾರದವನು ಬಿಟ್ಟುಕೊಡುವುದೇ ಮರ್ಯಾದೆ. ಕಾಯಿಲೆಯವರನ್ನು ಸಾಗಿಸಲು ಮಾತ್ರ ಇದನ್ನು ನೆಚ್ಚಬಾರದೆಂದು ನಮ್ಮ ಮನೆಯಲ್ಲಿ ಈಗ ನಿಯಮವಾಗಿದೆ. 108ರ ಸಂಖ್ಯೆಯನ್ನು ಅಡುಗೆಮನೆಯ ಗೋಡೆಯ ಮೇಲೆ ದೊಡ್ಡದಾಗಿ ಬರೆದಿದ್ದೇವೆ.

ಒಂದು ಸಂಗತಿಯನ್ನು ಹೇಳಿ ಮುಗಿಸುತ್ತೇನೆ. ಅರ್ಥಿಂಗ್ ಪಟ್ಟಿಯನ್ನು ಬದಲಾಯಿಸಿದ ದಿನ, ಆಸ್ಪತ್ರೆಯಿಂದ ಮರಳಿದ್ದ ತಾಯಿಯವರು ನಡುಮನೆಯ ಪೆಟ್ಟಿಗೆಯಿಂದ ಎಣ್ಣೆಯ ಕಲೆಗಳಿದ್ದ ಒಂದು ಹಳೆಯ ನೋಟುಬುಕ್ಕನ್ನು ತೆಗೆದು, "ನಿಮ್ಮಪ್ಪ ಗಾಡೀದು ಇದರಾಗೆ ಬರೀತಿದ್ರು, ನಿನಗೇನಾರ ಉಪಯೋಗ ಆದೀತೇನೋ ನೋಡಪ್ಪ" ಎಂದರು. ತಂದೆಯವರು ಎಣ್ಣೆ ಬದಲಾಯಿಸಿದ ದಿನ, ಓಡಿದ ಮೈಲಿ, ಕಂಡ ಲಕ್ಷಣ, ಮಾಡಿದ ಉಪಾಯ, ಎಲ್ಲವನ್ನೂ ಅದರಲ್ಲಿ ಗುರುತು ಹಾಕಿದ್ದರು. ಹಾಳೆಗಳನ್ನು ತಿರುವುತ್ತಿದ್ದಾಗ 1991ರ ಒಂದು ಪುಟದಲ್ಲಿ ಅವರ ಗುಂಡಾದ ಅಕ್ಷರದಲ್ಲಿ ಈ ಮಾತಿತ್ತು: "ಸ್ಟಾರ್ಟರು ತಿರುಗಲಿಲ್ಲ. ದೀಪ ಚೆನ್ನಾಗಿತ್ತು. ಇಂಜಿನಿನ ಅರ್ಥಿಂಗ್ ಪಟ್ಟಿ ಸಡಿಲ. ಬಿಗಿ ಮಾಡಿದೆ. ಸರಿಹೋಯಿತು." ನನಗೆ ಆ ರಾತ್ರಿ ಬೇಕಾಗಿದ್ದ ಉತ್ತರ ನಾನು ಮಲಗುತ್ತಿದ್ದ ಕೋಣೆಯಿಂದ ಹತ್ತು ಹೆಜ್ಜೆಯ ದೂರದಲ್ಲಿ ವರ್ಷಗಟ್ಟಲೆ ಬಿದ್ದಿತ್ತು. ಊರಿನವರೆಲ್ಲರ ಪುಸ್ತಕಗಳನ್ನು ಓದಿ ಪದವಿ ಪಡೆದವನು ಮನೆಯ ಈ ಒಂದು ಪುಸ್ತಕವನ್ನು ತೆರೆದಿರಲಿಲ್ಲ.

ಅದರಲ್ಲಿ ಇನ್ನೂ ಕೆಲವು ಖಾಲಿ ಹಾಳೆಗಳಿದ್ದವು. ಈಗ ಅವುಗಳಲ್ಲಿ ನಾನು ಬರೆಯುತ್ತಿದ್ದೇನೆ. ತಮ್ಮ ಮನೆಯಲ್ಲಿ ಹಳೆಯ ಗಾಡಿಯಿದ್ದರೆ ಇಂದೇ ಒಂದು ನೋಟುಬುಕ್ಕನ್ನು ಅದರ ಹೆಸರಿಗೆ ತೆಗೆದಿಡಿರಿ. ಭಾನುವಾರ ಬೆಳಗ್ಗೆ, ಇಂಜಿನು ತಣ್ಣಗಿರುವಾಗ, ಬಾನೆಟ್ಟು ಎತ್ತಿ ಎಣ್ಣೆ, ನೀರು, ಬೆಲ್ಟು, ಬ್ಯಾಟರಿಯ ತುದಿಗಳು, ಬ್ರೇಕು ಎಣ್ಣೆಯ ಮಟ್ಟ, ಇವಿಷ್ಟನ್ನು ನೋಡಿ ಬರೆದಿಡಿರಿ. ಕಾಲು ಗಂಟೆಯ ಕೆಲಸ. ಮುಂದೆ ಎಂದಾದರೂ ಮಳೆಯ ರಾತ್ರಿಯಲ್ಲಿ ಯಾರಾದರೂ ಅದನ್ನು ತೆರೆದು ನೋಡಬೇಕಾಗಿ ಬರಬಹುದು.